ಮಾಲ್ಗುಡಿಯ ಓದುಗರು

ಗ್ರಂಥಕರ್ತನ ಮೇಜನ್ನು ಬಿಟ್ಟು ಹೊರಟ ಪುಸ್ತಕ ಊರೂರು ಅಲೆಯುವ ಪ್ರವಾಸಿಯಂತೆ. ಒಂದು ಮನೆಯಲ್ಲಿ ಅದಕ್ಕೆ ಮಣೆಹಾಕಿ ಕೂರಿಸಿ ಉಪಚರಿಸುತ್ತಾರೆ. ಇನ್ನೊಂದು ಮನೆಯಲ್ಲಿ ಹೊಸ್ತಿಲಲ್ಲೇ ನಿಲ್ಲಿಸಿ, ಯಾರು, ಎಲ್ಲಿಂದ ಬಂದದ್ದು, ಏತಕ್ಕೆ ಬಂದದ್ದು ಎಂದು ವಿಚಾರಿಸುತ್ತಾರೆ. ಮತ್ತೊಂದು ಮನೆಯಲ್ಲಿ ಅದು ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಅತಿಥಿ ಒಬ್ಬನೇ, ಆತಿಥ್ಯ ಮಾತ್ರ ಮನೆಗೊಂದು ಬಗೆ. ಈ ವ್ಯತ್ಯಾಸಕ್ಕೆ ಪುಸ್ತಕದ ಗುಣದೋಷಗಳು ಎಷ್ಟು ಕಾರಣವೋ, ಓದುಗರ ವಯಸ್ಸು, ಮನೋಧರ್ಮ, ಅವರು ಬಾಳಿದ ಬಾಳು ಇವೂ ಅಷ್ಟೇ ಕಾರಣ. ಸಣ್ಣ ಊರೊಂದರ ಚಿತ್ರವನ್ನು ಪ್ರೀತಿಯಿಂದ ಬರೆಯುವ ಕಾದಂಬರಿಗಳ ವಿಷಯದಲ್ಲಂತೂ ಈ ಮಾತು ಇಮ್ಮಡಿ ನಿಜ. ಹುಟ್ಟಿದ ಊರಿನ ನೆನಪು ಯಾರಿಗಿಲ್ಲ? ಆದರೆ ಎಲ್ಲರ ನೆನಪೂ ಸಿಹಿಯಾಗಿರಬೇಕೆಂಬ ನಿಯಮವೇನೂ ಇಲ್ಲ.

ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಇಂತಹ ಒಂದು ಕಾದಂಬರಿ. ಇಂಗ್ಲಿಷಿನಲ್ಲಿ ಬರೆದ ಈ ಪುಸ್ತಕ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮಾಲ್ಗುಡಿಯೆಂಬ ಊರು ಲೋಕದ ಕಣ್ಣಿಗೆ ಮೊದಲು ಬಿದ್ದದ್ದು ಇದರಲ್ಲಿಯೇ. ಅಂದಿನಿಂದ ಇಂದಿನವರೆಗೆ ಅದನ್ನು ಎದೆಗೆ ಅಪ್ಪಿಕೊಂಡವರಿದ್ದಾರೆ. ಅದರೊಡನೆ ಜಗಳವಾಡಿದವರೂ ಇದ್ದಾರೆ. ಎರಡು ಪಕ್ಷದವರ ಮಾತನ್ನೂ ತಾಳ್ಮೆಯಿಂದ ಕೇಳಿದರೆ ಒಂದು ಕಾದಂಬರಿಯ ಬಗೆಗಷ್ಟೇ ಅಲ್ಲ, ಓದುವುದು ಎಂದರೇನು ಎಂಬುದರ ಬಗೆಗೂ ಕೆಲವು ಸಂಗತಿಗಳು ಹೊಳೆಯುತ್ತವೆ.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಸಂಜೆಯ ಹೊತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಜಗುಲಿಯ ಮೇಲೆ ಕುಳಿತು ಸ್ವಾಮಿಯ ಕಥೆಯನ್ನು ಗಟ್ಟಿಯಾಗಿ ಓದುತ್ತಿದ್ದಾನೆ. ನಿವೃತ್ತ ಉಪಾಧ್ಯಾಯರಾದ ತಾತ ಕಣ್ಣುಮುಚ್ಚಿ ಕೇಳುತ್ತ, “ಇದು ನಾನು ಓದಿದ ಶಾಲೆಯೇ ಸರಿ, ಅದೇ ಗಂಟೆ, ಅದೇ ಬೆತ್ತ!” ಎನ್ನುತ್ತಾರೆ. ಕಾಲೇಜಿಗೆ ಹೋಗುವ ಅಕ್ಕ ತಲೆಯೆತ್ತಿ, “ಈ ಊರಿನಲ್ಲಿ ಎಲ್ಲರೂ ಹೊಟ್ಟೆತುಂಬ ಉಂಡವರೇ ಏನು? ಸ್ವಾಮಿಯ ಸ್ನೇಹಿತರಲ್ಲಿ ಒಬ್ಬಳಾದರೂ ಹುಡುಗಿ ಉಂಟೆ?” ಎಂದು ಕೇಳುತ್ತಾಳೆ. ಹುಡುಗನಿಗೆ ಈ ಎರಡು ಮಾತೂ ಬೇಡ. ಕ್ರಿಕೆಟ್ ಪಂದ್ಯ ಏನಾಯಿತೆಂದು ತಿಳಿದರೆ ಸಾಕು. ಒಳಬಾಗಿಲ ಬಳಿ ಬತ್ತಿ ಹೊಸೆಯುತ್ತ ಕುಳಿತ ಅಜ್ಜಿ ಮಾತ್ರ ಏನನ್ನೂ ಹೇಳುವುದಿಲ್ಲ. ಬಾಲ್ಯದಲ್ಲಿ ಆಕೆಯನ್ನು ಶಾಲೆಗೆ ಕಳುಹಿಸಿದವರಿಲ್ಲ. ಆದರೂ ಆಕೆ ಒಂದು ಮಾತನ್ನೂ ಬಿಡದೆ ಕೇಳುತ್ತಿದ್ದಾಳೆ. ಇಂತಹ ಮನೆಗಳು ನಾಡಿನಲ್ಲಿ ಎಷ್ಟೋ ಇರಬಹುದು. ವಿಮರ್ಶಕರ ದೊಡ್ಡ ದೊಡ್ಡ ವಾದಗಳೆಲ್ಲ ಬೀಜರೂಪದಲ್ಲಿ ಆ ಜಗುಲಿಯ ಮೇಲೆಯೇ ಇವೆ.

ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದರಾಸಿನಲ್ಲಿ. ಬಾಲ್ಯದ ಬಹುಭಾಗ ಕಳೆದದ್ದು ಅಲ್ಲಿನ ಪುರಸವಾಕ್ಕದ ಮನೆಯಲ್ಲಿ, ಅಜ್ಜಿಯ ಆಶ್ರಯದಲ್ಲಿ. ತಂದೆ ಮೈಸೂರು ಸಂಸ್ಥಾನದಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಅವರು ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಪ್ರೌಢಶಾಲೆಗೆ ಬಂದ ಮೇಲೆ ನಾರಾಯಣ್ ಕೂಡ ಆ ಊರಿನವರಾದರು. ಮುಂದೆ ಇಂಗ್ಲಿಷಿನ ಪ್ರಸಿದ್ಧ ಲೇಖಕರಾಗಲಿದ್ದ ಈ ತರುಣ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಇಂಗ್ಲಿಷಿನಲ್ಲಿಯೇ ಅನುತ್ತೀರ್ಣರಾದರೆಂಬುದು ವಿದ್ಯಾರ್ಥಿಗಳಿಗೆ ಸ್ವಲ್ಪ ಸಮಾಧಾನವನ್ನು ಕೊಡುವ ಸಂಗತಿ. 1930ರಲ್ಲಿ ಅವರು ಮಹಾರಾಜಾ ಕಾಲೇಜಿನಿಂದ ಪದವಿ ಪಡೆದರು. ಕೆಲವೇ ದಿನ ಉಪಾಧ್ಯಾಯ ವೃತ್ತಿಯನ್ನು ಹಿಡಿದು, ಅದು ಒಗ್ಗದೆ ಬಿಟ್ಟುಬಂದರು.

ಅದೇ ವರ್ಷ ಬೆಂಗಳೂರಿನ ಅಜ್ಜಿಯ ಮನೆಯಲ್ಲಿದ್ದಾಗ, ಅಜ್ಜಿ ಗೊತ್ತುಮಾಡಿಕೊಟ್ಟ ಶುಭದಿನದಂದು ಒಂದು ನೋಟುಪುಸ್ತಕವನ್ನು ಕೊಂಡು ಅವರು ಬರೆಯತೊಡಗಿದರು. ಆಗ ಸಣ್ಣದೊಂದು ರೈಲ್ವೆ ನಿಲ್ದಾಣ ಅವರ ಕಣ್ಣಮುಂದೆ ಸುಳಿಯಿತು. ಅದರೊಡನೆ ಮಾಲ್ಗುಡಿ ಎಂಬ ಹೆಸರೂ ಹೊಳೆಯಿತು. 1974ರಲ್ಲಿ ಪ್ರಕಟವಾದ ‘ಮೈ ಡೇಸ್’ ಎಂಬ ಆತ್ಮಕಥೆಯಲ್ಲಿ ಅವರೇ ಈ ಸಂದರ್ಭವನ್ನು ನೆನೆದಿದ್ದಾರೆ. ಊರು ಹುಟ್ಟಿತು, ಅದರ ಪಕ್ಕದಲ್ಲಿ ಸರಯೂ ನದಿ ಹರಿಯಿತು, ದೂರದಲ್ಲಿ ಮೆಂಪಿ ಬೆಟ್ಟಗಳು ಎದ್ದುನಿಂತವು, ಆಲ್ಬರ್ಟ್ ಮಿಷನ್ ಶಾಲೆಯ ಗಂಟೆ ಬಾರಿಸಿತು.

ಪುಸ್ತಕವೇನೋ ಸಿದ್ಧವಾಯಿತು, ಆದರೆ ಅದಕ್ಕೆ ಮಣೆಹಾಕುವ ಮನೆ ಸಿಕ್ಕಲಿಲ್ಲ. ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಆಗ ಆಕ್ಸ್‌ಫರ್ಡಿನಲ್ಲಿದ್ದ ಪೂರ್ಣ ಎಂಬ ಗೆಳೆಯನಿಗೆ ನಾರಾಯಣ್ ಬೇಸತ್ತು ಕಾಗದ ಬರೆದು, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡುವಂತೆ ತಿಳಿಸಿದರು. ಗೆಳೆಯ ಆ ಮಾತನ್ನು ಕೇಳಲಿಲ್ಲ. ಆತ ಹಸ್ತಪ್ರತಿಯನ್ನು ಗ್ರಹಾಂ ಗ್ರೀನ್ ಎಂಬ ಇಂಗ್ಲಿಷ್ ಕಾದಂಬರಿಕಾರನ ಕೈಗೆ ಕೊಟ್ಟ. ಗ್ರೀನ್ ಅದನ್ನು ಓದಿ ಮೆಚ್ಚಿ, ಪ್ರಕಾಶಕರೊಬ್ಬರನ್ನು ಒಪ್ಪಿಸಿದ. ಕಾದಂಬರಿಯ ಈಗಿನ ಹೆಸರೂ ಆತನ ಸೂಚನೆಯೇ. ಉದ್ದವಾಗಿದ್ದ ನಾರಾಯಣಸ್ವಾಮಿ ಎಂಬ ಹೆಸರು ನಾರಾಯಣ್ ಎಂದು ಮೊಟಕಾದದ್ದೂ ಆತನ ಸಲಹೆಯಿಂದಲೇ. ನದಿಯ ಪಾಲಾಗಬೇಕಾಗಿದ್ದ ಪುಸ್ತಕ ಹೀಗೆ ಓದುಗರ ಪಾಲಾಯಿತು.

ಆದರೆ ಓದುಗರು ಅದನ್ನು ಕೂಡಲೆ ಬರಮಾಡಿಕೊಂಡರೆಂದು ತಿಳಿಯಬಾರದು. ಪುಸ್ತಕದ ಪ್ರತಿಗಳು ತೀರ ಕಡಮೆ ಮಾರಾಟವಾದವು. ಮೊದಲ ಪ್ರಕಾಶಕರು ಎರಡನೆಯ ಕಾದಂಬರಿಯನ್ನು ಒಪ್ಪಿಕೊಳ್ಳಲಿಲ್ಲ. 1937ರಲ್ಲಿ ‘ದಿ ಬ್ಯಾಚುಲರ್ ಆಫ್ ಆರ್ಟ್ಸ್’ ಬೇರೊಬ್ಬರಿಂದ, 1938ರಲ್ಲಿ ‘ದಿ ಡಾರ್ಕ್ ರೂಂ’ ಮತ್ತೊಬ್ಬರಿಂದ ಹೊರಬಂದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾರಾಯಣ್ ಮೈಸೂರಿನಲ್ಲಿ ತಾವೇ ‘ಇಂಡಿಯನ್ ಥಾಟ್’ ಎಂಬ ಪ್ರಕಟನ ಸಂಸ್ಥೆಯನ್ನು ಸ್ಥಾಪಿಸಿದರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಇಲ್ಲಿಯೂ ಕೆಲವು ಕಾಲ ನಡೆಯಿತು. ನಾಡಿನ ಓದುಗರು ಮಾಲ್ಗುಡಿಯನ್ನು ತಮ್ಮದೆಂದು ಗುರುತಿಸಲು ವರ್ಷಗಳೇ ಬೇಕಾದವು.

ಕಥೆ ಸರಳವಾದದ್ದು. ಹತ್ತು ವರ್ಷದ ಸ್ವಾಮಿನಾಥನಿಗೆ ಸೋಮವಾರವೆಂದರೆ ಆಗದು. ಗದರುವ ತಂದೆ, ಕಥೆ ಹೇಳುವ ಅಜ್ಜಿ, ತೋಳ್ಬಲದ ಮಣಿ, ಪೊಲೀಸ್ ಅಧಿಕಾರಿಯ ಮಗನಾದ ರಾಜಂ ಇವರು ಅವನ ಪ್ರಪಂಚ. ಸ್ವಾತಂತ್ರ್ಯ ಚಳವಳಿಯ ಅಲೆ ಊರಿಗೆ ಬಂದಾಗ ಅವನೂ ಘೋಷಣೆ ಕೂಗಿ, ತಲೆಯ ಟೋಪಿಯನ್ನು ವಿದೇಶಿ ಎಂದು ಬೆಂಕಿಗೆ ಎಸೆಯುತ್ತಾನೆ. ಶಾಲೆಯ ಕಿಟಕಿಯ ಗಾಜನ್ನು ಒಡೆಯುತ್ತಾನೆ. ಮಿಷನ್ ಶಾಲೆ ತಪ್ಪಿ ಬೋರ್ಡ್ ಶಾಲೆ ಸೇರುತ್ತಾನೆ. ಗೆಳೆಯರು ಕಟ್ಟಿದ ಕ್ರಿಕೆಟ್ ತಂಡಕ್ಕಾಗಿ ಕಸರತ್ತಿನ ತರಗತಿಯನ್ನು ತಪ್ಪಿಸಿ, ಮುಖ್ಯೋಪಾಧ್ಯಾಯರ ಬೆತ್ತವನ್ನು ಕಿತ್ತು ಎಸೆದು, ಊರನ್ನೇ ಬಿಟ್ಟು ಓಡುತ್ತಾನೆ. ಕಾಡಿನ ದಾರಿಯಲ್ಲಿ ದಿಕ್ಕುತಪ್ಪಿದವನು ಮತ್ತೆ ಮನೆ ಸೇರುವ ವೇಳೆಗೆ ಪಂದ್ಯ ಮುಗಿದುಹೋಗಿರುತ್ತದೆ. ರಾಜಂ ಮಾತು ಬಿಡುತ್ತಾನೆ. ಕೆಲವು ದಿನಗಳಲ್ಲಿ ರಾಜಂನ ತಂದೆಗೆ ಬೇರೆ ಊರಿಗೆ ವರ್ಗವಾಗುತ್ತದೆ.

ಈ ಕಥೆಯನ್ನು ಮೆಚ್ಚಿದವರು ಏನನ್ನು ಮೆಚ್ಚಿದರು? ಗ್ರೀನನಿಗೆ ಮಾಲ್ಗುಡಿ ಎರಡನೆಯ ಮನೆಯಾಯಿತು. ಭಾರತೀಯನಾಗಿ ಬಾಳುವುದೆಂದರೆ ಏನೆಂಬುದು ನಾರಾಯಣರಿಂದಲೇ ತನಗೆ ತಿಳಿಯಿತೆಂದು ಆತ ಒಪ್ಪಿಕೊಂಡ. ಭಾರತವನ್ನು ಹುಲಿ, ಹಾವು, ಮಹಾರಾಜರ ದೇಶವೆಂದು ಕೇಳಿದ್ದ ಪರದೇಶದ ಓದುಗರಿಗೆ, ಲೆಕ್ಕ ಬಾರದೆ ಬೆವರುವ ಹುಡುಗನೊಬ್ಬ ಇಲ್ಲಿ ಕಾಣಿಸಿದ. ಅವನು ತಮ್ಮ ಮಗನಿಗಿಂತ ಬೇರೆಯಲ್ಲವೆಂದು ಅವರಿಗೆ ಎನಿಸಿತು. ಈ ನಾಡಿನ ಓದುಗರ ಮೆಚ್ಚುಗೆಯ ಬಗೆ ಬೇರೆ. ತಾವು ದಿನವೂ ಕಂಡು ಲಕ್ಷ್ಯವಿಡದೆ ದಾಟಿಹೋಗಿದ್ದ ಗಲ್ಲಿ, ಚರಂಡಿ, ನದಿಯ ಮರಳು, ಅಡುಗೆಮನೆಯ ಸದ್ದು ಇವು ಅಚ್ಚಿನ ಅಕ್ಷರದಲ್ಲಿ ಮರ್ಯಾದೆ ಪಡೆದುದನ್ನು ಕಂಡು ಅವರು ಬೆರಗಾದರು. ಸಾಮಾನ್ಯರ ಬಾಳೂ ಸಾಹಿತ್ಯಕ್ಕೆ ತಕ್ಕದ್ದೆಂಬ ಆ ಅರಿವು ಸಣ್ಣ ಉಪಕಾರವೇನಲ್ಲ.

ಪ್ರೀತಿ ಬೆಳೆದಂತೆ ಕುತೂಹಲವೂ ಬೆಳೆಯಿತು. ಮಾಲ್ಗುಡಿ ಎಲ್ಲಿದೆ? ಅದು ಮೈಸೂರೇ ಎಂದರು ಕೆಲವರು. ಕಾವೇರಿ ತೀರದ ಲಾಲ್ಗುಡಿ ಎಂದರು ಇನ್ನು ಕೆಲವರು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಹೆಸರನ್ನು ಬೆಸೆದದ್ದೆಂದು ವಾದಿಸಿದವರೂ ಉಂಟು. ನಾರಾಯಣ್ ಯಾರಿಗೂ ಸೋಲಲಿಲ್ಲ, ಯಾರನ್ನೂ ಗೆಲ್ಲಿಸಲೂ ಇಲ್ಲ. ಮಾಲ್ಗುಡಿಯ ಗುಣಗಳನ್ನು ನ್ಯೂಯಾರ್ಕ್ ನಗರದ ಬೀದಿಯೊಂದರಲ್ಲಿಯೂ ತಾವು ಕಂಡುದಾಗಿ ಹೇಳಿ ನಕ್ಕರು. ಸ್ವಾಮಿಯ ಮಿಷನ್ ಶಾಲೆಯಲ್ಲಿ ಮದರಾಸಿನ ಬಾಲ್ಯದ ನೆರಳಿದೆ. ಊರಿನ ಬೀದಿಗಳಲ್ಲಿ ಮೈಸೂರಿನ ಬೆಳಕಿದೆ. ಕಥೆ ಹುಟ್ಟಿದ್ದು ಬೆಂಗಳೂರಿನಲ್ಲಿ. ಹೀಗಿರುವಾಗ ಭೂಪಟದ ಮೇಲೆ ಒಂದು ಚುಕ್ಕೆಯನ್ನು ಇಟ್ಟು ಇದೇ ಮಾಲ್ಗುಡಿ ಎಂದರೆ ನಂಬುವುದು ಹೇಗೆ?

ಇನ್ನು ಆಕ್ಷೇಪ ಮಾಡಿದವರ ಮಾತು. ಟ್ರಿನಿಡಾಡ್ ದ್ವೀಪದ ಭಾರತೀಯ ಮನೆತನದಲ್ಲಿ ಹುಟ್ಟಿದ ವಿ.ಎಸ್. ನೈಪಾಲ್ ಎಳೆಯ ವಯಸ್ಸಿನಲ್ಲಿ ನಾರಾಯಣರನ್ನು ಸಂತೋಷದಿಂದಲೇ ಓದಿದ್ದರು. ಮುಂದೆ ಭಾರತಕ್ಕೆ ಬಂದು ಇಲ್ಲಿನ ಬಡತನವನ್ನೂ ಜನರ ಸಂಕಟವನ್ನೂ ಕಂಡಾಗ, ತಾವು ಓದಿದ್ದ ಭಾರತ ಇದಲ್ಲವೆನಿಸಿತು. ಕಣ್ಣಿಗೆ ರಾಚುವಂತಹ ಎಷ್ಟೋ ಸಂಗತಿಗಳನ್ನು ನಾರಾಯಣ್ ಬಿಟ್ಟುಬಿಟ್ಟಿದ್ದಾರೆ, ಎಷ್ಟನ್ನೋ ಸಹಜವೆಂದು ಒಪ್ಪಿಕೊಂಡಿದ್ದಾರೆ ಎಂಬ ಅಸಮಾಧಾನವನ್ನು ಅವರು 1964ರ ತಮ್ಮ ಪ್ರವಾಸಗ್ರಂಥದಲ್ಲಿ ತೋಡಿಕೊಂಡರು. 1977ರಲ್ಲಿ ಮತ್ತೊಂದು ಗ್ರಂಥದಲ್ಲಿ, ನಾರಾಯಣರ ಕಾದಂಬರಿಗಳು ಹಾಸ್ಯದ ಸಮಾಜಚಿತ್ರಗಳೆಂದು ತಾವು ಹಿಂದೆ ಭಾವಿಸಿದ್ದು ಪೂರ್ತಿ ಸರಿಯಲ್ಲ, ಲೋಕವನ್ನು ಇದ್ದಂತೆಯೇ ಒಪ್ಪಿಕೊಂಡುಬಿಡುವ ಮನೋಭಾವ ಅವುಗಳ ತಳದಲ್ಲಿದೆ ಎಂದು ವಾದಿಸಿದರು. ನಾರಾಯಣ್ 2001ರ ಮೇ 13ರಂದು ನಿಧನರಾದರು. ಅದೇ ವರ್ಷ ಶಶಿ ತರೂರ್ ಅವರು ಒಂದು ಲೇಖನದಲ್ಲಿ ನಾರಾಯಣರ ಗುಣಗಳನ್ನು ಒಪ್ಪಿಯೂ, ಆ ಭಾಷೆ ಸಪ್ಪೆಯಾದುದು, ಆ ಲೋಕ ಇಕ್ಕಟ್ಟಾದುದು ಎಂದು ಬರೆದರು. ಒಬ್ಬನಿಗೆ ತಿಳಿನೀರಾಗಿ ಕಂಡದ್ದು ಇನ್ನೊಬ್ಬನಿಗೆ ರುಚಿಯಿಲ್ಲದ ನೀರಾಗಿ ಕಂಡಿತು.

ಈ ಆಕ್ಷೇಪಗಳನ್ನು ಅಸೂಯೆಯ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಜಗುಲಿಯ ಮೇಲಿನ ಅಕ್ಕ ಕೇಳಿದ್ದೂ ಇದೇ ಪ್ರಶ್ನೆಯನ್ನು. ಸ್ವಾಮಿಯ ಗೆಳೆಯರ ಗುಂಪಿನಲ್ಲಿ ಹುಡುಗಿಯರಿಲ್ಲ. ಊರ ಹೊರಗಿನ ಕೇರಿಯವರ ಮನೆಯೊಳಗೆ ಕಥೆ ಕಾಲಿಡುವುದಿಲ್ಲ. ಊರೊಂದನ್ನು ಹಿಂದಿರುಗಿ ನೋಡಿ ಸುಖಪಡಬೇಕಾದರೆ, ಆ ಊರು ನೋಡುವವನನ್ನು ಒಳಕ್ಕೆ ಬಿಟ್ಟುಕೊಂಡಿರಬೇಕು. ಬಾವಿಯ ಕಟ್ಟೆಯನ್ನು ಮುಟ್ಟಬಾರದೆಂದು ದೂರ ನಿಲ್ಲಿಸಲ್ಪಟ್ಟವನ ಮಗನಿಗೆ ಹಳೆಯ ಊರಿನ ಬಾವಿ ಸವಿನೆನಪಾಗಬೇಕೆಂದು ಅಪೇಕ್ಷಿಸುವುದು ಹೇಗೆ? ಆತ ಪುಸ್ತಕವನ್ನು ಮುಚ್ಚಿಟ್ಟರೆ ಅದು ಅರಸಿಕತೆಯಲ್ಲ. ಅವನ ಅನುಭವದ ಸಾಕ್ಷ್ಯ.

ಹಾಗಾದರೆ ಮಾಲ್ಗುಡಿಯ ಸುತ್ತ ಈ ಸವಿನೆನಪಿನ ಪ್ರಭೆ ಬಂದದ್ದು ಎಲ್ಲಿಂದ? ಇದಕ್ಕೆ ಉತ್ತರವನ್ನು ಪುಸ್ತಕದಲ್ಲಿ ಮಾತ್ರ ಹುಡುಕಿದರೆ ಸಾಲದು. 1986ರಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಎಂಬ ಧಾರಾವಾಹಿಯನ್ನು ದೂರದರ್ಶನಕ್ಕಾಗಿ ನಿರ್ದೇಶಿಸಿದರು. ಸ್ವಾಮಿಯ ಕಥೆಯೂ ಅದರಲ್ಲಿ ಸೇರಿತ್ತು. ಮಂಜುನಾಥ್ ಎಂಬ ಬಾಲನಟ ಸ್ವಾಮಿಯಾದ. ಗಿರೀಶ್ ಕಾರ್ನಾಡರು ತಂದೆಯಾದರು. ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ ಅದಕ್ಕೆ ಜೊತೆಗೂಡಿದವು. ಚಿತ್ರೀಕರಣ ನಡೆದದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ. ಮಳೆಗೆ ಹೆಸರಾದ ಆ ಮಲೆನಾಡಿನ ಊರು, ಹೆಂಚಿನ ಮನೆಗಳು, ಕೆಂಪು ಮಣ್ಣಿನ ಬೀದಿ ಲಕ್ಷಾಂತರ ಮನೆಗಳನ್ನು ಹೊಕ್ಕವು. ಪುಸ್ತಕದ ಮಾಲ್ಗುಡಿ ಬಿಸಿಲ ನಾಡಿನ ನದೀತೀರದ ಊರು. ಆದರೂ ಆ ದಿನದಿಂದ ಅನೇಕರ ಮನಸ್ಸಿನಲ್ಲಿ ಮಾಲ್ಗುಡಿಯೆಂದರೆ ಆಗುಂಬೆ. ಧಾರಾವಾಹಿಯಲ್ಲಿ ಮಾಲ್ಗುಡಿಯ ನಿಲ್ದಾಣವಾಗಿ ಕಾಣಿಸಿಕೊಂಡ ಅರಸಾಳು ರೈಲ್ವೆ ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿಯ ವಸ್ತುಸಂಗ್ರಹಾಲಯವೇ ತೆರೆಯಿತು. ಕಲ್ಪನೆಯ ಊರಿಗೆ ನಿಜವಾದ ನಿಲ್ದಾಣ ದೊರೆಯಿತು.

ಆ ಧಾರಾವಾಹಿಯನ್ನು ನೋಡುತ್ತಿದ್ದವರಲ್ಲಿ ಎಷ್ಟೋ ಮಂದಿ ತಮ್ಮ ಸಣ್ಣ ಊರುಗಳನ್ನು ಬಿಟ್ಟು ಉದ್ಯೋಗಕ್ಕಾಗಿ ಬೆಂಗಳೂರು, ಮುಂಬಯಿ, ದೆಹಲಿಗಳನ್ನು ಸೇರಿದವರು. ಅವರ ಪಾಲಿಗೆ ಮಾಲ್ಗುಡಿ ಒಂದು ಕಥೆಯಾಗಿ ಮಾತ್ರ ಉಳಿಯಲಿಲ್ಲ. ಹಿಂದಿರುಗಿ ಹೋಗಲಾಗದ ಮನೆಯ ಹೆಸರಾಯಿತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಕಾಣುವುದು ಸಹಜವೇ. ಆದರೆ ನುಣುಪು ಬೆಟ್ಟದ್ದಲ್ಲ, ದೂರದ್ದು ಎಂಬುದನ್ನು ಮರೆಯಬಾರದು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ನಾರಾಯಣ್ ಈ ಕಾದಂಬರಿಯನ್ನು ಬರೆಯತೊಡಗಿದ್ದು 1930ರಲ್ಲಿ. ಕಥೆಯೊಳಗೆ ಊರಿನ ಜನ ನದೀತೀರದಲ್ಲಿ ಪ್ರತಿಭಟನೆಯ ಸಭೆ ಸೇರುವ ದಿನ 1930ರ ಆಗಸ್ಟ್ 15. ಹದಿನೇಳು ವರ್ಷಗಳ ಮೇಲೆ ಅದೇ ತಾರೀಖು ದೇಶದ ಸ್ವಾತಂತ್ರ್ಯದಿನವಾಗುವುದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಎಂದರೆ ಲೇಖಕ ಬರೆದದ್ದು ಕಳೆದುಹೋದ ಕಾಲದ ಕಥೆಯನ್ನಲ್ಲ. ಕಣ್ಣಮುಂದಿನ ಕಾಲದ ಕಥೆಯನ್ನು. ಆಗ ಆತನಿಗೆ ಇಪ್ಪತ್ತನಾಲ್ಕು ವರ್ಷ ತುಂಬುತ್ತಿತ್ತು. ಉದ್ಯೋಗವಿರಲಿಲ್ಲ. ಮುಂದಿನ ದಾರಿ ಯಾವುದೆಂದು ತಿಳಿದಿರಲಿಲ್ಲ. ಬಾಲ್ಯವನ್ನು ನೆನೆದು ನಿಟ್ಟುಸಿರು ಬಿಡುವ ವಯಸ್ಸು ಅದಲ್ಲ. ಕಳೆದ ಕಾಲದ ಹಂಬಲವನ್ನು ಪುಸ್ತಕದೊಳಗೆ ಹೆಚ್ಚಾಗಿ ತಂದು ಸುರಿದವರು ಅದರ ನಂತರದ ಓದುಗರು. ಹೊಗಳಿದವರು ಆ ಹಂಬಲವನ್ನು ಹೊಗಳಿದರು. ತೆಗಳಿದವರಲ್ಲಿಯೂ ಕೆಲವರು ಅದನ್ನೇ ತೆಗಳಿದರು. ಇಬ್ಬರ ನಡುವೆ ಪುಟಗಳು ಮಾತ್ರ ಮೌನವಾಗಿ ಉಳಿದವು.

ಆ ಪುಟಗಳ ಕಡೆಗೆ ಹಿಂದಿರುಗಿದರೆ ಕಾಣುವ ಊರು ಅಷ್ಟೊಂದು ನುಣ್ಣಗಿಲ್ಲ. ಅಲ್ಲಿ ಪರಧರ್ಮವನ್ನು ಹೀಯಾಳಿಸುವ ಉಪಾಧ್ಯಾಯರಿದ್ದಾರೆ. ಎದುರುಮಾತಾಡಿದ ಹುಡುಗನ ಕಿವಿ ಹಿಂಡುತ್ತಾರೆ. ಬೆತ್ತದ ಭಯ ಕಥೆಯ ಉದ್ದಕ್ಕೂ ಹರಿಯುತ್ತದೆ. ಆ ಭಯವೇ ಹತ್ತು ವರ್ಷದ ಹುಡುಗನನ್ನು ಮನೆಬಿಟ್ಟು ಕಾಡಿನ ದಾರಿ ಹಿಡಿಸುತ್ತದೆ. ಸ್ವಾಮಿಯೂ ಮುಗ್ಧತೆಯ ಗೊಂಬೆಯಲ್ಲ. ಹೊಟ್ಟೆನೋವಿನಿಂದ ನರಳುವ ಅಜ್ಜಿ ನಿಂಬೆಹಣ್ಣು ತಂದುಕೊಡೆಂದು ಬೇಡಿದಾಗ ಆಟದ ಆತುರದಲ್ಲಿ ಅವನು ಓಡಿಹೋಗುತ್ತಾನೆ. ಆಮೇಲೆ ಪಶ್ಚಾತ್ತಾಪ ಅವನನ್ನು ಚುಚ್ಚುತ್ತದೆ. ಇನ್ನೊಂದು ದಿನ ಸ್ವಾಮಿ, ಮಣಿ, ರಾಜಂ ಮೂವರೂ ಹೆದ್ದಾರಿಯ ಮೋರಿಯ ಬಳಿ ಕುಳಿತಿರುವಾಗ, ಒಂಟಿ ಎತ್ತಿನಗಾಡಿಯೊಂದನ್ನು ಹೊಡೆದುಕೊಂಡು ಹಳ್ಳಿಯ ಹುಡುಗನೊಬ್ಬ ಬರುತ್ತಾನೆ. ಅವನ ಹೆಸರು ಕರುಪ್ಪನ್. ತಾವು ಸರ್ಕಾರದ ಪೊಲೀಸರೆಂದು ಹೇಳಿ ಇವರು ಅವನನ್ನು ತಡೆಯುತ್ತಾರೆ. ಮೋರಿ ಗಾಡಿಯ ಭಾರವನ್ನು ತಾಳಲಾರದೆಂದು ಬೆದರಿಸುತ್ತಾರೆ. ಕಡೆಗೆ, ದೊಡ್ಡ ಉಪಕಾರ ಮಾಡಿದವರಂತೆ, ಹೋಗಗೊಡುತ್ತಾರೆ. ಓದುವವರಿಗೆ ನಗು ಬರುತ್ತದೆ. ಆ ನಗು ಅಡಗಿದ ಮೇಲೆ ಎದೆಯಲ್ಲಿ ಏನೋ ಉಳಿಯುತ್ತದೆ. ಬೂಟು ತೊಟ್ಟ, ಶಾಲೆಗೆ ಹೋಗುವ, ಅಧಿಕಾರಿಯ ಮಗನ ಆಟ ಅದು. ದುಡಿಯುವ ಹುಡುಗನಿಗೆ ಅದು ಆಟವಾಗಿರಲಿಲ್ಲ.

ಕಾದಂಬರಿಯ ಕೊನೆಯೂ ಹಾಗೆಯೇ. ಊರು ಬಿಟ್ಟು ಹೋಗುತ್ತಿರುವ ರಾಜಂನನ್ನು ಬೀಳ್ಕೊಡಲು ಸ್ವಾಮಿ ಬೆಳಗಿನ ಜಾವ ನಿಲ್ದಾಣಕ್ಕೆ ಬರುತ್ತಾನೆ. ಕಾಣಿಕೆಯಾಗಿ ಕಥೆಯ ಪುಸ್ತಕವೊಂದನ್ನು ತಂದಿರುತ್ತಾನೆ. ರೈಲು ಹೊರಟುಬಿಡುತ್ತದೆ. ಗೆಳೆಯ ತನ್ನನ್ನು ಕ್ಷಮಿಸಿದನೋ ಇಲ್ಲವೋ ಎಂಬುದು ಸ್ವಾಮಿಗೆ ಖಚಿತವಾಗುವುದಿಲ್ಲ, ಓದುಗರಿಗೂ ಆಗುವುದಿಲ್ಲ. ಸವಿನೆನಪನ್ನಷ್ಟೇ ಹಂಚಬೇಕೆಂದು ಹೊರಟ ಲೇಖಕ ಇಂತಹ ಕೊನೆಯನ್ನು ಬರೆಯಲಾರ. ಬಾಲ್ಯವನ್ನು ಸುಖದ ಕಾಲವೆಂದು ದೊಡ್ಡವರು ಹೇಳುವುದುಂಟು. ಆ ಕಾಲದಲ್ಲಿ ಇರುವ ಮಕ್ಕಳಿಗೆ ಅದರ ಕಷ್ಟ ಗೊತ್ತು. ನಾರಾಯಣ್ ಅದನ್ನು ಮುದಿಯಾದ ಮೇಲೂ ಮರೆಯಲಿಲ್ಲ. 1986ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಅವರು ತಮ್ಮ ಮೊದಲ ಭಾಷಣದಲ್ಲಿ ಮಾತಾಡಿದ್ದು ಮಕ್ಕಳ ಬೆನ್ನಮೇಲಿನ ಪುಸ್ತಕಗಳ ಹೊರೆಯ ಬಗೆಗೆ. ಮುಂದೆ ಈ ಹೊರೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಯಶಪಾಲರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು; ಅದರ ವರದಿ 1993ರಲ್ಲಿ ಬಂದಿತು.

ಇಷ್ಟು ಹೇಳಿದ ಮೇಲೆ ಆಕ್ಷೇಪವೆಲ್ಲ ತೀರಿತೆಂದು ತಿಳಿಯಬೇಕಾಗಿಲ್ಲ. ಕರುಪ್ಪನ್ ಕಥೆಯೊಳಕ್ಕೆ ಬಂದದ್ದು ನಿಜ. ಆದರೆ ಬಂದಷ್ಟೇ ಬೇಗ ಹೊರಟೂಹೋದ. ಗಾಡಿಯ ಮೇಲೆ ಕುಳಿತು ನೋಡಿದರೆ ಮಾಲ್ಗುಡಿ ಹೇಗೆ ಕಾಣುತ್ತದೆಂದು ನಾರಾಯಣ್ ಹೇಳಲಿಲ್ಲ. ಅದನ್ನು ಹೇಳಲು ಬೇರೆ ಲೇಖಕರು ಬೇಕಾಗಿತ್ತು, ಅವರು ಬಂದರು. ನಾರಾಯಣ್ ಬಾಳಿದ ಅದೇ ಮೈಸೂರಿನ ಸೀಮೆಯಿಂದ, ಊರ ಹೊರಗಿನ ಕೇರಿಯ ಬಾಳನ್ನು ಆ ಜನರ ನುಡಿಯಲ್ಲಿಯೇ ದೇವನೂರ ಮಹಾದೇವ ಕನ್ನಡದಲ್ಲಿ ಬರೆದರು. ಅವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಒಂದು ಪುಸ್ತಕವನ್ನು ಸುಳ್ಳೆಂದು ಹೇಳಿ ಇನ್ನೊಂದನ್ನು ಎತ್ತಿಹಿಡಿಯುವ ಅವಶ್ಯಕತೆ ಇಲ್ಲ. ಊರಿಗೆ ಬಾಗಿಲುಗಳು ಹಲವು. ಒಂದು ಬಾಗಿಲಿನಿಂದ ಹೊಕ್ಕವನು ಕಂಡದ್ದು ನಿಜವೇ. ಆದರೆ ಕಂಡದ್ದೇ ಊರೆಲ್ಲ ಎಂದು ಹಟ ಹಿಡಿದರೆ ಅದು ತಪ್ಪು. ಆ ತಪ್ಪು ಪುಸ್ತಕಕ್ಕಿಂತ ಹೆಚ್ಚಾಗಿ, ಒಂದೇ ಪುಸ್ತಕವನ್ನು ಓದಿ ನಿಲ್ಲಿಸುವ ಓದುಗನದು.

ಒಳ್ಳೆಯ ಓದುಗನ ಲಕ್ಷಣವೇನೆಂಬುದು ಇದರಿಂದ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಆತ ತನ್ನ ಪ್ರೀತಿಯನ್ನು ಅಡಗಿಸಬೇಕಾಗಿಲ್ಲ, ಅಸಮಾಧಾನವನ್ನೂ ಅಡಗಿಸಬೇಕಾಗಿಲ್ಲ. ಆದರೆ ತಾನು ಮೆಚ್ಚಿದ್ದು ಪುಟದ ಮೇಲೆ ಇರುವುದನ್ನೋ, ತನ್ನ ಮನಸ್ಸಿನಲ್ಲಿ ಇರುವುದನ್ನೋ ಎಂದು ಒಮ್ಮೆ ಕೇಳಿಕೊಳ್ಳಬೇಕು. ದೂರುವಾಗಲೂ ಅದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಟ್ಟವನ ಮಾತು, ಅದು ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಕೇಳತಕ್ಕದ್ದು.

ಜಗುಲಿಯ ಮೇಲೆ ಈಗ ದೀಪ ಹತ್ತಿದೆ. ಹುಡುಗ ಕೊನೆಯ ಪುಟವನ್ನು ಮುಗಿಸಿದ್ದಾನೆ. ತಾತ ಕನ್ನಡಕವನ್ನು ಒರೆಸಿಕೊಳ್ಳುತ್ತ, ರೈಲಿನ ಪ್ರಸಂಗವನ್ನು ಇನ್ನೊಮ್ಮೆ ಓದಬೇಕೆನ್ನುತ್ತಾರೆ. ಅಕ್ಕ, ಆ ಭಾಗ ಚೆನ್ನಾಗಿದೆಯೆಂದು ಒಪ್ಪಿಕೊಳ್ಳುತ್ತಾಳೆ. ಉಳಿದ ಆಕ್ಷೇಪವನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಹುಡುಗನಿಗೆ, ಪಂದ್ಯದಲ್ಲಿ ಸ್ವಾಮಿ ಆಡಲಿಲ್ಲವಲ್ಲಾ ಎಂಬುದೇ ವ್ಯಥೆ. ಆಗ ಒಳಬಾಗಿಲ ಕಡೆಯಿಂದ, ಇಡೀ ಸಂಜೆ ಮಾತಾಡದಿದ್ದ ಅಜ್ಜಿ ಮೆಲ್ಲನೆ ಕೇಳುತ್ತಾಳೆ: “ಅದೆಲ್ಲ ಇರಲಿ ಮಗು. ಆ ಗಾಡಿಯ ಹುಡುಗ, ಪಾಪ, ಹೊತ್ತು ಮುಳುಗುವುದರೊಳಗಾಗಿ ಮನೆ ಸೇರಿದನೇ?”

ಹುಡುಗ ಹಿಂದಿನ ಪುಟಗಳನ್ನು ತಿರುವಿ ಹುಡುಕುತ್ತಾನೆ. ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಆದರೆ ಅವನು ಪುಸ್ತಕವನ್ನು ಮುಚ್ಚುವುದಿಲ್ಲ. ಮೋರಿಯ ಬಳಿಯ ಆ ಪುಟವನ್ನು, ಈ ಸಲ ನಗದೆ, ಮೊದಲಿನಿಂದ ಓದತೊಡಗುತ್ತಾನೆ.